ನಿಮಗಿದು ಗೊತ್ತೇ? ಸಾಲ ಸರ್ಕಾರದ್ದು, ಪೆಟ್ಟು ಜಾಂಬಿಯಾದ ಅಡುಗೆಮನೆಗೆ

1964ರ ಅಕ್ಟೋಬರ್ 24ರಂದು ಸ್ವತಂತ್ರವಾದಾಗ ಆಫ್ರಿಕಾದ ಜಾಂಬಿಯಾ ಕೈ ಖಾಲಿಯಾದ ದೇಶವೇನೂ ಆಗಿರಲಿಲ್ಲ. ತಾಮ್ರದ ಗಣಿಗಳು ಧಾರಾಳವಾಗಿ ವಿದೇಶಿ ಹಣ ತರುತ್ತಿದ್ದವು. ಆದರೆ ರಫ್ತಿನ ಗಳಿಕೆಯಲ್ಲಿ ಸುಮಾರು ಶೇ 90 ಈ ಒಂದೇ ಲೋಹದ್ದು. 1975ರ ಹೊತ್ತಿಗೆ ತಾಮ್ರದ ಬೆಲೆ ಬಿತ್ತು. ಅದಕ್ಕೆ ಮೊದಲೇ ತೈಲದ ಬೆಲೆ ಏರಿ ಕೂತಿತ್ತು. ತಾಮ್ರ ಇಂದಲ್ಲ ನಾಳೆ ಚೇತರಿಸಿಕೊಂಡೀತು ಎಂದು ಅಧ್ಯಕ್ಷ ಕೆನೆತ್ ಕೌಂಡಾ ಅವರ ಸರ್ಕಾರ ಸಾಲ ಎತ್ತುತ್ತ ಹೋಯಿತು.

ಬಡ ದೇಶಗಳ ಸಾಲದ ಕುಣಿಕೆ ಬಿಗಿಯಾದದ್ದು ವಾಷಿಂಗ್ಟನ್ನಿನಲ್ಲಿ. ಅಮೆರಿಕದ ಹಣದುಬ್ಬರ ಇಳಿಸಲು ಅಲ್ಲಿನ ಕೇಂದ್ರ ಬ್ಯಾಂಕಿನ ಮುಖ್ಯಸ್ಥ ಪಾಲ್ ವೋಲ್ಕರ್ ಬಡ್ಡಿ ಏರಿಸಿದರು. 1981ರಲ್ಲಿ ಅಲ್ಲಿನ ಬ್ಯಾಂಕುಗಳ ಮೂಲ ಬಡ್ಡಿದರ ಶೇ 20 ದಾಟಿತ್ತು. 1982ರ ಆಗಸ್ಟ್‌ನಲ್ಲಿ ಮೆಕ್ಸಿಕೊ ಸಾಲ ಕಟ್ಟಲಾಗದೆ ಕೈಚೆಲ್ಲಿತು. ಅದರ ಹಿಂದೆ ಸಾಲುಗಟ್ಟಿದ ದೇಶಗಳೆಷ್ಟೋ.

ಐಎಂಎಫ್ ಮತ್ತು ವಿಶ್ವಬ್ಯಾಂಕ್ ಕೊಟ್ಟ ಔಷಧಿಯ ಹೆಸರು ‘ರಚನಾತ್ಮಕ ಹೊಂದಾಣಿಕೆ’. ಸಬ್ಸಿಡಿ ಕಡಿತ, ಸಂಬಳಕ್ಕೆ ಕಡಿವಾಣ, ಸರ್ಕಾರಿ ಕಂಪನಿಗಳ ಮಾರಾಟ, ನಾಣ್ಯದ ಅಪಮೌಲ್ಯ. ಕೊನೆಯದರ ಪರಿಚಯ ನಮಗೂ ಉಂಟು: 1991ರ ಜುಲೈ 1 ಮತ್ತು 3ರಂದು ಎರಡು ಕಂತಿನಲ್ಲಿ ರೂಪಾಯಿಯ ಬೆಲೆ ಇಳಿಸಲಾಯಿತು. ಜಾಂಬಿಯಾದಲ್ಲಿ 1985ರ ಅಕ್ಟೋಬರ್‌ನಿಂದ ಡಾಲರನ್ನೇ ಹರಾಜಿಗಿಟ್ಟರು. ಡಾಲರಿಗೆ 2 ಚಿಲ್ಲರೆ ಕ್ವಾಚಾ ಇದ್ದದ್ದು ಮೊದಲ ಹರಾಜಿನಲ್ಲೇ 5ರ ಆಸುಪಾಸಿಗೆ ಬಂತು, ಒಂದೂವರೆ ವರ್ಷದೊಳಗೆ 15ನ್ನೂ ದಾಟಿತು.

ಇನ್ನು ಹಿಟ್ಟಿನ ಕಥೆ. ಜಾಂಬಿಯಾದ ಊಟವೆಂದರೆ ನ್ಶೀಮಾ. ಬಿಳಿ ಮೆಕ್ಕೆಜೋಳದ ಹಿಟ್ಟನ್ನು ಕುದಿಯುವ ನೀರಿಗೆ ಹಾಕಿ ಗಟ್ಟಿಯಾಗುವವರೆಗೂ ತಿರುವುತ್ತಾರೆ. ನಮ್ಮ ಮುದ್ದೆಯ ಹಾಗೆ ಕೈಯಲ್ಲಿ ಮುರಿದು, ಸೊಪ್ಪಿನ ಜೊತೆ ಉಣ್ಣುತ್ತಾರೆ. ಅಂಗಡಿಯಲ್ಲಿ ಸಿಗುತ್ತಿದ್ದ ಹಿಟ್ಟು ಎರಡು ಬಗೆಯದು: ನಯವಾದ ‘ಬ್ರೇಕ್‌ಫಾಸ್ಟ್ ಮೀಲ್’, ತುಸು ಒರಟಾದ, ಅಗ್ಗದ ‘ರೋಲರ್ ಮೀಲ್’. 1986ರ ಡಿಸೆಂಬರ್‌ನಲ್ಲಿ ನಯವಾದ ಹಿಟ್ಟಿನ ಸಬ್ಸಿಡಿ ತೆಗೆದರು, ಬೆಲೆ ಒಮ್ಮೆಲೇ ಎರಡು ಪಟ್ಟಿಗೂ ಹೆಚ್ಚಾಯಿತು. ಬಡವರ ಹಿಟ್ಟಿಗೆ ಸಬ್ಸಿಡಿ ಉಳಿಸುತ್ತೇವೆ ಎಂಬುದು ಲೆಕ್ಕಾಚಾರ. ಕಾಗದದ ಮೇಲೆ ಅದು ಸರಿಯಾಗಿಯೇ ಇತ್ತು. ಆದರೆ ಸರ್ಕಾರ ಸಬ್ಸಿಡಿಯ ಹಣವನ್ನು ಸಕಾಲಕ್ಕೆ ಕೊಟ್ಟೀತೆಂಬ ನಂಬಿಕೆ ಗಿರಣಿ ಮಾಲೀಕರಿಗೆ ಇರಲಿಲ್ಲ. ಅವರು ಒರಟು ಹಿಟ್ಟು ಬೀಸುವುದನ್ನೇ ಬಿಟ್ಟರು. ಅಂಗಡಿಗಳಲ್ಲಿ ಉಳಿದದ್ದು ದುಬಾರಿ ಹಿಟ್ಟು ಮಾತ್ರ. ತಾಮ್ರ ಸೀಮೆಯ ಕಿಟ್ವೆ, ಎಂಡೋಲಾ ಪಟ್ಟಣಗಳಲ್ಲಿ ಜನ ಬೀದಿಗಿಳಿದರು. ಗಲಭೆಯಲ್ಲಿ 15 ಜನ ಸತ್ತರು. ಸಬ್ಸಿಡಿ ವಾಪಸ್ ಬಂತು, ಗಿರಣಿಗಳು ಸರ್ಕಾರದ ವಶವಾದವು.

1987ರ ಮೇ ತಿಂಗಳಲ್ಲಿ ಕೌಂಡಾ ಐಎಂಎಫ್ ಕಾರ್ಯಕ್ರಮವನ್ನೇ ಕೈಬಿಟ್ಟರು. ರಫ್ತಿನ ನಿವ್ವಳ ಗಳಿಕೆಯಲ್ಲಿ ಶೇ 10ಕ್ಕಿಂತ ಹೆಚ್ಚನ್ನು ಸಾಲಕ್ಕೆ ಕಟ್ಟುವುದಿಲ್ಲ ಎಂದರು. ಹೊಸ ಸಾಲದ ಬಾಗಿಲು ಮುಚ್ಚಿತು. 1990ರ ಜೂನ್‌ನಲ್ಲಿ ಹಿಟ್ಟಿನ ಬೆಲೆ ಮತ್ತೆ ಏರಿ ಮತ್ತೆ ಗಲಭೆ. ಮರುವರ್ಷದ ಚುನಾವಣೆಯಲ್ಲಿ, 27 ವರ್ಷ ಆಳಿದ ಕೌಂಡಾ ಸೋತರು. ಗೆದ್ದ ಫ್ರೆಡರಿಕ್ ಚಿಲುಬಾ ಅದೇ ಹೊಂದಾಣಿಕೆಯನ್ನು ಇನ್ನಷ್ಟು ಬಿರುಸಾಗಿ ಜಾರಿಗೆ ತಂದರು. ಆಸ್ಪತ್ರೆಗೆ ಬಂದ ರೋಗಿಯೂ ಶುಲ್ಕ ಕಟ್ಟಬೇಕಾಯಿತು.

ಇದೇ ದೇಶಕ್ಕೆ ಸಾಲ ಮನ್ನಾ ಸಿಕ್ಕಿದ್ದು 2005ರಲ್ಲಿ. ಸುಮಾರು 700 ಕೋಟಿ ಡಾಲರ್ ಇದ್ದ ವಿದೇಶಿ ಸಾಲ ಮರುವರ್ಷ 100 ಕೋಟಿಗಿಂತ ಕೆಳಗಿಳಿಯಿತು. 2006ರ ಏಪ್ರಿಲ್ 1ರಿಂದ ಹಳ್ಳಿಗಳ ಆಸ್ಪತ್ರೆಗಳಲ್ಲಿ ಶುಲ್ಕ ರದ್ದು. ಸಾಲದ ಹೊರೆ ಇಳಿದರೆ ಅದರ ಫಲ ಯಾರಿಗೆ ಎಂದು ಕೇಳುವವರಿಗೆ ಇದಕ್ಕಿಂತ ಸ್ಪಷ್ಟ ಉತ್ತರ ಬೇಕಿಲ್ಲ.

ಆಗಲೇ ಬಂದದ್ದು ‘ರಣಹದ್ದು ನಿಧಿ’. 1979ರಲ್ಲಿ ಟ್ರ್ಯಾಕ್ಟರ್ ಮತ್ತಿತರ ಯಂತ್ರಗಳಿಗೆಂದು ರೊಮೇನಿಯಾ ಜಾಂಬಿಯಾಕ್ಕೆ ಸಾಲ ಕೊಟ್ಟಿತ್ತು. ಬಡ್ಡಿ ಸೇರಿ ಸುಮಾರು 3 ಕೋಟಿ ಡಾಲರ್ ಆಗಿದ್ದ ಆ ಬಾಕಿಯನ್ನು 1999ರಲ್ಲಿ ಡೊನೆಗಲ್ ಇಂಟರ್‌ನ್ಯಾಷನಲ್ ಎಂಬ ಕಂಪನಿ ಸುಮಾರು 33 ಲಕ್ಷ ಡಾಲರ್‌ಗೆ ಕೊಂಡಿತು. ಆಮೇಲೆ ಲಂಡನ್ ಕೋರ್ಟಿಗೆ ಹೋಗಿ ಕೇಳಿದ್ದು 5.5 ಕೋಟಿ! 2007ರಲ್ಲಿ ಕೋರ್ಟು ಸುಮಾರು 1.55 ಕೋಟಿ ಡಾಲರ್ ಕೊಡಿಸಿತು. ಕಾನೂನಿನ ಪ್ರಕಾರ ತೀರ್ಪು ಸರಿ ಇರಬಹುದು. ನನ್ನ ಮಟ್ಟಿಗೆ ಇದು ಹಗಲುದರೋಡೆ. ಬಡ ದೇಶಗಳ ಹಳೆಯ ಸಾಲದ ಮೇಲೆ ಹೀಗೆ ವಸೂಲಿ ಮಾಡದಂತೆ ಬ್ರಿಟನ್ 2010ರಲ್ಲಿ ಕಾನೂನು ತಂದಿತು.

ಸಾಲಗಾರನನ್ನು ಮರ್ಯಾದೆಯಿಂದ ನಡೆಸಿಕೊಂಡ ನಿದರ್ಶನವೂ ಇದೆ. 1953ರ ಲಂಡನ್ ಒಪ್ಪಂದದಲ್ಲಿ ಪಶ್ಚಿಮ ಜರ್ಮನಿಯ ಸಾಲದಲ್ಲಿ ಸುಮಾರು ಅರ್ಧವನ್ನು ಬಿಟ್ಟುಕೊಟ್ಟರು. ಉಳಿದದ್ದನ್ನು ದೇಶದ ಗಳಿಕೆಗೆ ತಕ್ಕಂತೆ ತೀರಿಸಿದರಾಯಿತು ಎಂದರು. ಬಿಟ್ಟುಕೊಟ್ಟವರಲ್ಲಿ ಗ್ರೀಸ್ ಕೂಡ ಒಂದು.

ಜಾಂಬಿಯಾ 2012ರಿಂದ 2015ರೊಳಗೆ ಮೂರು ಬಾಂಡ್‌ಗಳಲ್ಲಿ ಮತ್ತೆ 300 ಕೋಟಿ ಡಾಲರ್ ಸಾಲ ಎತ್ತಿತು. 2020ರ ನವೆಂಬರ್‌ನಲ್ಲಿ 4.25 ಕೋಟಿ ಡಾಲರ್ ಬಡ್ಡಿ ಕಟ್ಟಲಾಗದೆ ಕೈಚೆಲ್ಲಿತು. ಈ ಸಲ ದಾರಿ ಸ್ವಲ್ಪ ಬೇರೆ. ಸಾಲದ ಮಾತುಕತೆ ನಡೆಯುತ್ತಿದ್ದಾಗಲೇ, 2022ರಲ್ಲಿ, ಸರ್ಕಾರಿ ಶಾಲೆಗಳ ಶುಲ್ಕ ತೆಗೆದುಹಾಕಿ, ಒಂದೇ ವರ್ಷದಲ್ಲಿ 30,000ಕ್ಕೂ ಹೆಚ್ಚು ಶಿಕ್ಷಕರನ್ನು ನೇಮಿಸಿಕೊಂಡರು.