ಖಾತೆ ಪುಸ್ತಕ ಕಳೆದರೆ ಗತಿಯೇನು?

ಒಂದು ಗ್ರಂಥಾಲಯವನ್ನು ನೆನಪಿಗೆ ತಂದುಕೊಳ್ಳಿ. ಕಪಾಟುಗಳ ತುಂಬ ಪುಸ್ತಕಗಳಿವೆ. ಆದರೆ ಯಾವ ಪುಸ್ತಕ ಎಲ್ಲಿದೆ, ಯಾರು ಅದನ್ನು ಒಯ್ಯಬಹುದು ಎಂದು ಬರೆದಿಟ್ಟ ದಾಖಲೆ ಪುಸ್ತಕ ಮಾತ್ರ ಕಾಣೆಯಾಗಿದೆ. ಒಂದು ಪುಸ್ತಕವೂ ಕಳೆದಿಲ್ಲ. ಆದರೂ ಗ್ರಂಥಾಲಯದ ಕೆಲಸ ನಿಂತುಹೋಗುತ್ತದೆ, ಅಲ್ಲವೇ?

ಬ್ಯಾಂಕು, ವಿಮೆ, ಆಸ್ಪತ್ರೆಗಳ ಅಂಕಿ ಅಂಶಗಳನ್ನು ವಿಶ್ಲೇಷಿಸುವ ಕಂಪ್ಯೂಟರುಗಳಲ್ಲಿಯೂ ಇಂಥದೊಂದು ದಾಖಲೆ ಪುಸ್ತಕವಿರುತ್ತದೆ. ಅದಕ್ಕೆ ಮೆಟಾಡೇಟಾ, ಅಂದರೆ ಮಾಹಿತಿಯ ಕುರಿತಾದ ಮಾಹಿತಿ ಎಂದು ಹೆಸರು. ನಮ್ಮ ಗಡಿಭಾಗದ ಎಷ್ಟೋ ಮಕ್ಕಳು ಇಂದು ಇಂಥ ಯಂತ್ರಗಳ ಉಸ್ತುವಾರಿಯಲ್ಲಿದ್ದಾರೆ. ಈ ಮಾತು ಅವರಿಗೂ, ಅವರ ಕೆಲಸವೇನೆಂದು ತಿಳಿಯಬಯಸುವ ಹಿರಿಯರಿಗೂ.

ಉದಾಹರಣೆಗೆ ಸ್ಯಾಸ್ ಎಂಬ ತಂತ್ರಾಂಶವನ್ನು ತೆಗೆದುಕೊಳ್ಳೋಣ. 1976ರಲ್ಲಿ ಅಮೆರಿಕದ ಉತ್ತರ ಕೆರೊಲಿನಾದಲ್ಲಿ ಆರಂಭವಾದ ಸಂಸ್ಥೆಯದು ಇದು. ಮೊದಲು ಮೆಟಾಡೇಟಾದ ನಕಲು ತೆಗೆಯಲು ಉಸ್ತುವಾರಿಯವರೇ ವ್ಯವಸ್ಥೆ ಮಾಡಿಕೊಳ್ಳಬೇಕಿತ್ತು. 2011ರಲ್ಲಿ ಬಂದ 9.3 ಆವೃತ್ತಿಯಿಂದ ಸರ್ವರೇ ಆ ಕೆಲಸ ವಹಿಸಿಕೊಂಡಿತು. ನೀವು ಬೇರೆ ಹೇಳದಿದ್ದರೆ ಭಾನುವಾರ ಬಿಟ್ಟು ಪ್ರತಿದಿನ ರಾತ್ರಿ 1 ಗಂಟೆಗೆ ನಕಲು ತೆಗೆಯುತ್ತದೆ. 7 ದಿನ ಇಟ್ಟುಕೊಂಡು ಹಳೆಯದನ್ನು ಅಳಿಸುತ್ತದೆ. ಎರಡು ನಕಲುಗಳ ನಡುವಿನ ಬದಲಾವಣೆಗಳು ಜರ್ನಲ್ ಎಂಬ ಕಡತದಲ್ಲಿ ದಾಖಲಾಗುತ್ತವೆ. ಹಾಗಾಗಿ ಮಧ್ಯಾಹ್ನ ಕೆಟ್ಟರೂ ಬೆಳಗಿನವರೆಗಿನ ಕೆಲಸವನ್ನು ಮರಳಿ ಪಡೆಯಲು ಸಾಧ್ಯ.

ಇಷ್ಟಾದರೆ ನಿಶ್ಚಿಂತೆಯೇ? ಇಲ್ಲ. ಆ ನಕಲು ಮೊದಲಿಗೆ ಸೇರುವುದು ಅದೇ ಸರ್ವರಿನ ಕಡತಕೋಶಕ್ಕೆ. ಡಿಸ್ಕ್ ಕೆಟ್ಟರೆ ಮೂಲವೂ ಹೋಯಿತು, ನಕಲೂ ಹೋಯಿತು, ಜರ್ನಲೂ ಹೋಯಿತು. ಆದ್ದರಿಂದ ನಕಲನ್ನು ಬೇರೊಂದು ಯಂತ್ರಕ್ಕೆ ಕಳಿಸುವ ಏರ್ಪಾಡು ಮಾಡಿ. ಇದು ದಾಖಲೆ ಪುಸ್ತಕದ ನಕಲು ಮಾತ್ರ. ಅಂಕಿ ಅಂಶಗಳ ನಕಲನ್ನು ಪ್ರತ್ಯೇಕವಾಗಿ ತೆಗೆಯಬೇಕೆಂಬುದನ್ನೂ ಮರೆಯಬೇಡಿ.

ತಾನಾಗಿ ನಡೆಯುವ ಕೆಲಸ ತಾನಾಗಿಯೇ ನಿಂತೂ ಹೋಗಬಹುದು. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಸಂಸ್ಥೆಯಲ್ಲಿ ನಡೆದದ್ದು ಇದೇ. ಒಬ್ಬ ಎಂಜಿನಿಯರ್ ಕೈತಪ್ಪಿ ಮುಖ್ಯ ದತ್ತಸಂಚಯವನ್ನೇ ಅಳಿಸಿದರು. ನಕಲು ಹುಡುಕಿದರೆ, ನಿತ್ಯದ ನಕಲು ಆವೃತ್ತಿ ಹೊಂದದೆ ವಿಫಲವಾಗುತ್ತಲೇ ಇತ್ತು. ವಿಫಲವಾಯಿತೆಂಬ ಇಮೇಲ್‌ಗಳೂ ತಿರಸ್ಕೃತವಾಗಿ ಯಾರಿಗೂ ತಲುಪಿರಲಿಲ್ಲ. ಅದೃಷ್ಟಕ್ಕೆ 6 ಗಂಟೆ ಹಿಂದಿನ ಒಂದು ಪ್ರತಿ ಸಿಕ್ಕಿತು. ನಡುವಿನ ದಾಖಲೆಗಳು ಶಾಶ್ವತವಾಗಿ ಹೋದವು.

ಇದರಿಂದ ಕಲಿಯಬೇಕಾದ ಪಾಠವೇನು? ನಕಲು ಸೋತಾಗ ಬರುವ ಎಚ್ಚರಿಕೆ ನಿಜವಾಗಿ ಒಬ್ಬರ ಕಣ್ಣಿಗೆ ಬೀಳುತ್ತದೆಯೇ ಎಂದು ನೋಡಿ. ಆಗಾಗ ಒಂದು ನಕಲನ್ನು ಪ್ರಯೋಗದ ಯಂತ್ರದ ಮೇಲೆ ಮರಳಿ ಸ್ಥಾಪಿಸಿ ನೋಡಿ. ಹಾಗೆ ಪರೀಕ್ಷಿಸದ ನಕಲು, ಬಿತ್ತಿ ನೋಡದ ಬೀಜದಂತೆ; ಮೊಳೆತೀತೆಂಬ ನಂಬಿಕೆ ಮಾತ್ರ ನಮ್ಮದು.

ಇನ್ನು ಭದ್ರತೆಯ ತಪಾಸಣೆ. ಯಾರು ಏನನ್ನು ನೋಡಬಹುದು, ತಿದ್ದಬಹುದು ಎಂಬ ಅನುಮತಿಗಳಿರುವುದೂ ಇದೇ ಮೆಟಾಡೇಟಾದಲ್ಲಿ. ಸ್ಯಾಸ್‌ನಲ್ಲಿ ಪಬ್ಲಿಕ್ ಎಂಬ ಗುಂಪಿದೆ. ಅದಕ್ಕೆ ಕೊಟ್ಟ ಅನುಮತಿ, ಹೆಸರು ನೋಂದಾಯಿಸದಿದ್ದರೂ ಸರ್ವರಿನೊಳಗೆ ಬರಬಲ್ಲ ಎಲ್ಲರಿಗೂ ಸಲ್ಲುತ್ತದೆ. ನೋಂದಾಯಿತರಿಗೆ ಸ್ಯಾಸ್‌ಯೂಸರ್ಸ್ ಎಂಬ ಬೇರೆ ಗುಂಪು. ಅವಸರದಲ್ಲಿ ಒಂದನ್ನು ಇನ್ನೊಂದೆಂದು ಭಾವಿಸಿದರೆ ಸಂಬಳದ ಪಟ್ಟಿ ಬೀದಿಗೆ ಬಂದೀತು.

ಎಲ್ಲ ಅನುಮತಿಗಳನ್ನೂ ಕೋಷ್ಟಕವಾಗಿ ಹೊರತೆಗೆಯಲು ಎಂಡಿಸೆಕ್‌ಡಿಎಸ್ ಎಂಬ ಮ್ಯಾಕ್ರೋ ಇದೆ. ತಿಂಗಳಿಗೊಮ್ಮೆ ಅದನ್ನು ತಾನಾಗಿ ಓಡುವಂತೆ ಮಾಡಿ, ಹಿಂದಿನ ತಿಂಗಳಿನದರೊಡನೆ ಹೋಲಿಸಿ. ವ್ಯತ್ಯಾಸವಿದ್ದಲ್ಲಿ ಮಾತ್ರ ಕಣ್ಣಿಟ್ಟರೆ ಸಾಕು. ಕೆಲಸ ಬಿಟ್ಟವರ ಹೆಸರು ಉಳಿದಿದೆಯೇ, ಸರ್ವಾಧಿಕಾರವುಳ್ಳವರು ಎಷ್ಟು ಮಂದಿ ಎಂಬುದನ್ನೂ ಎಣಿಸಿ.

ಕೊನೆಯದಾಗಿ, ಈ ಎರಡು ಕೆಲಸಗಳಿಗೂ ಒಂದು ನಂಟಿದೆ. ನಕಲಿನೊಳಗೆ ಬಳಕೆದಾರರ ಹೆಸರುಗಳೂ, ಗೂಢಲಿಪಿಯಲ್ಲಿ ಗುಪ್ತಪದಗಳೂ ಇರುತ್ತವೆ. ಮುಂಬಾಗಿಲಿಗೆ ಬೀಗ ಹಾಕಿ ನಕಲನ್ನು ಎಲ್ಲರ ಕೈಗೆಟಕುವಲ್ಲಿ ಇಟ್ಟರೆ ಪ್ರಯೋಜನವೇನು? ನಕಲಿಟ್ಟ ಜಾಗವೂ ತಪಾಸಣೆಯ ಪಟ್ಟಿಯಲ್ಲಿರಲಿ.

ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರು ಎಂಬ ಗಾದೆ ನಮಗೆಲ್ಲ ಗೊತ್ತು. ನಾಳೆ ಕೆಲಸಕ್ಕೆ ಹೋದಾಗ ಬಾಗಿಲನ್ನೊಮ್ಮೆ ನೋಡಿ ಬನ್ನಿ.