ಅಟ್ಟದ ಮೇಲಿನ ಗಾನತಟ್ಟೆಗಳು

ಮುಂಬಯಿಯ ಮಾಟುಂಗಾ, ಮುಲುಂಡ್, ಡೊಂಬಿವಲಿ ಮೊದಲಾದ ಕಡೆಗಳಲ್ಲಿ ಎರಡು ಮೂರು ತಲೆಮಾರುಗಳಿಂದ ನೆಲೆಸಿರುವ ನಮ್ಮ ಕನ್ನಡ ಕುಟುಂಬಗಳ ಹಳೆಯ ಕಟ್ಟಡಗಳು ಇಂದು ಒಂದೊಂದಾಗಿ ಪುನರ್ನಿರ್ಮಾಣಕ್ಕೆ ತೆರವಾಗುತ್ತಿವೆ. ಮನೆ ಖಾಲಿ ಮಾಡುವ ದಿನ ಅಟ್ಟದಿಂದ ಇಳಿದ ಹಿತ್ತಾಳೆಯ ಪಾತ್ರೆಗಳು ಹೊಸ ಮನೆಗೆ ಸಾಗುತ್ತವೆ, ಹಿರಿಯರ ಭಾವಚಿತ್ರಗಳೂ ಸಾಗುತ್ತವೆ. ಆದರೆ ಕಪ್ಪು ತಟ್ಟೆಗಳಿರುವ ಭಾರವಾದ ಪೆಟ್ಟಿಗೆಯೊಂದು ಬಾಗಿಲ ಬಳಿಯೇ ಉಳಿದು, ಸಂಜೆಯ ವೇಳೆಗೆ ರದ್ದಿಯವನ ಕೈಸೇರುತ್ತದೆ. "ಕೇಳುವ ಯಂತ್ರವೇ ಇಲ್ಲ, ಇಟ್ಟುಕೊಂಡು ಏನು ಮಾಡುವುದು?" ಎಂಬ ಪ್ರಶ್ನೆ ಸಹಜವಾದುದೇ. ಆ ಪ್ರಶ್ನೆಗೆ ಉತ್ತರ ಕೊಡುವ ಸಲುವಾಗಿ ಈ ತಟ್ಟೆಗಳ ಕಥೆಯನ್ನು ಓದುಗರ ಮುಂದಿಡುತ್ತಿದ್ದೇವೆ.

ನಮ್ಮ ಹಿರಿಯರು ಇವುಗಳನ್ನು 'ಪ್ಲೇಟು' ಎಂದೇ ಕರೆಯುತ್ತಿದ್ದರು. ಪೆಟ್ಟಿಗೆಗೆ ಕೀಲಿ ಕೊಟ್ಟು, ಮುಳ್ಳು ಬದಲಿಸಿ, ಪ್ಲೇಟು ಹಾಕುವ ಅಧಿಕಾರ ಮನೆಯ ಯಜಮಾನರೊಬ್ಬರದೇ ಆಗಿತ್ತು. ಮಕ್ಕಳಿಗೆ ಸುತ್ತ ಕುಳಿತು ಕೇಳುವ ಭಾಗ್ಯವಷ್ಟೆ. ತಟ್ಟೆ ನಿಮಿಷಕ್ಕೆ 78 ಸುತ್ತು ತಿರುಗುತ್ತಿತ್ತು. ಹತ್ತು ಅಂಗುಲದ ತಟ್ಟೆಯ ಒಂದು ಮಗ್ಗುಲಲ್ಲಿ ಹಿಡಿಸುತ್ತಿದ್ದುದು ಸುಮಾರು ಮೂರರಿಂದ ಮೂರೂವರೆ ನಿಮಿಷದ ಗಾನ. ಪ್ರತಿ ಮಗ್ಗುಲಿಗೂ ಹೊಸ ಉಕ್ಕಿನ ಮುಳ್ಳು ಬೇಕಾಗುತ್ತಿತ್ತು, ಏಕೆಂದರೆ ಒಂದು ಬಾರಿ ನುಡಿಸುವಷ್ಟರಲ್ಲಿಯೇ ಮುಳ್ಳಿನ ತುದಿ ಸವೆಯುತ್ತಿತ್ತು. ಹಾಡು ಕೇಳುವುದೆಂದರೆ ಆಗ ಕೈಯಲ್ಲಿ ಮಾಡುವ ಒಂದು ಕೆಲಸವೂ ಹೌದು.

ಈ ತಟ್ಟೆಯ ಮೂಲ ದ್ರವ್ಯ ನಮ್ಮ ನಾಡಿನದೇ ಎಂಬುದು ಅನೇಕರಿಗೆ ತಿಳಿಯದ ಸಂಗತಿ. ಮುತ್ತುಗ, ಬೋರೆ ಮೊದಲಾದ ಮರಗಳ ಕೊಂಬೆಗಳ ಮೇಲೆ ಅರಗಿನ ಹುಳು ಸ್ರವಿಸುವ ಅರಗನ್ನು ಶುದ್ಧಗೊಳಿಸಿ, ಅದಕ್ಕೆ ಕಲ್ಲಿನ ಪುಡಿ ಮತ್ತು ಕಾಡಿಗೆಯನ್ನು ಬೆರೆಸಿ, ಕಾಯಿಸಿ, ಅಚ್ಚಿನಲ್ಲಿ ಒತ್ತಿದರೆ ಪ್ಲೇಟು ಸಿದ್ಧ. ಜಗತ್ತಿಗೆ ಅರಗನ್ನು ಒದಗಿಸುತ್ತಿದ್ದ ದೇಶಗಳಲ್ಲಿ ಭಾರತವೇ ಪ್ರಮುಖವಾದುದು. 1902ರ ನವೆಂಬರಿನಲ್ಲಿ ಫ್ರೆಡ್ ಗೈಸ್‌ಬರ್ಗ್ ಎಂಬ ತಂತ್ರಜ್ಞರು ಕಲ್ಕತ್ತೆಯಲ್ಲಿ ನಮ್ಮ ಗಾಯಕಿಯರ ಧ್ವನಿಯನ್ನು ಮೊದಲ ಬಾರಿಗೆ ಮುದ್ರಿಸಿಕೊಂಡಾಗ, ಆ ಮೇಣದ ಮೂಲಪ್ರತಿಗಳು ಜರ್ಮನಿಯ ಹ್ಯಾನೋವರ್ ನಗರಕ್ಕೆ ಹಡಗಿನಲ್ಲಿ ಹೋಗಿ, ಅಲ್ಲಿ ತಟ್ಟೆಗಳಾಗಿ, ಮರಳಿ ಇಲ್ಲಿಗೆ ಬಂದವು. 1908ರಲ್ಲಿ ಕಲ್ಕತ್ತೆಯಲ್ಲಿಯೇ ಕಾರ್ಖಾನೆ ತೆರೆದ ಮೇಲೆ ಈ ಅಲೆದಾಟ ತಪ್ಪಿತು.

ಅಂದು ಧ್ವನಿ ಕೊಟ್ಟವರಲ್ಲಿ ಗೌಹರ್ ಜಾನ್ ಅಗ್ರಗಣ್ಯರು. ಹಾಡು ಮುಗಿಯುತ್ತಿದ್ದಂತೆ ಅವರು ಇಂಗ್ಲಿಷಿನಲ್ಲಿ ತಮ್ಮ ಹೆಸರನ್ನು ತಾವೇ ಗಟ್ಟಿಯಾಗಿ ಘೋಷಿಸುತ್ತಿದ್ದರು. ಇದನ್ನು ಕೇಳಿದ ಇಂದಿನ ಮಕ್ಕಳು ನಗುವುದುಂಟು. ಆದರೆ ಅದಕ್ಕೊಂದು ಕಾರಣವಿತ್ತು. ದೂರದ ಜರ್ಮನಿಯಲ್ಲಿ ತಟ್ಟೆ ಒತ್ತುವವರಿಗೆ ಹಾಡಿನ ಭಾಷೆ ತಿಳಿಯದು, ಹಾಡಿದವರು ಯಾರೆಂಬುದೂ ತಿಳಿಯದು. ಯಾವ ಪ್ರತಿಗೆ ಯಾವ ಚೀಟಿ ಅಂಟಿಸಬೇಕೆಂದು ಅವರಿಗೆ ತಿಳಿಯುವಂತೆ ಹೆಸರು ಹೇಳುವುದು ಅವಶ್ಯವಾಗಿತ್ತು. ಇದೇ ಗೌಹರ್ ಜಾನ್ 1928ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಮೈಸೂರಿನ ಆಸ್ಥಾನ ಸೇರಿ, 1930ರ ಜನವರಿಯಲ್ಲಿ ಮೈಸೂರಿನಲ್ಲಿಯೇ ಕಣ್ಮುಚ್ಚಿದರು. ನಂಜನಗೂಡಿನಲ್ಲಿ ಜನಿಸಿದ ಬೆಂಗಳೂರು ನಾಗರತ್ನಮ್ಮನವರೂ ತಟ್ಟೆಗಳಿಗೆ ಧ್ವನಿ ಕೊಟ್ಟ ಆರಂಭಕಾಲದ ಕಲಾವಿದೆಯರಲ್ಲಿ ಒಬ್ಬರು.

ಒಂದು ತಟ್ಟೆ ಎಷ್ಟು ದೂರ ಹೋಗಬಲ್ಲದೆಂಬುದಕ್ಕೆ ಗದಗಿನ ಪ್ರಸಂಗಕ್ಕಿಂತ ಉತ್ತಮ ನಿದರ್ಶನ ಬೇಕಿಲ್ಲ. ಅಲ್ಲಿನ ಅಂಗಡಿಯೊಂದರಲ್ಲಿ ನುಡಿಯುತ್ತಿದ್ದ ಅಬ್ದುಲ್ ಕರೀಂ ಖಾನರ ಠುಮರಿಯೊಂದನ್ನು ಕೇಳಿದ ಬಾಲಕನೊಬ್ಬ, ಹಾಗೆ ಹಾಡಬೇಕೆಂಬ ಹಂಬಲದಿಂದ ಹನ್ನೊಂದರ ವಯಸ್ಸಿನಲ್ಲಿ, 1933ರಲ್ಲಿ, ಗುರುವನ್ನರಸಿ ಮನೆ ಬಿಟ್ಟು ಹೊರಟ. ಆ ಬಾಲಕನೇ ಮುಂದೆ ಭಾರತರತ್ನರಾದ ಪಂಡಿತ ಭೀಮಸೇನ ಜೋಶಿ. ಅಂಗಡಿಯವನು ಗಿರಾಕಿಗಳಿಗಾಗಿ ಹಾಕಿದ ಮೂರು ನಿಮಿಷದ ಹಾಡೊಂದು ನಾಡಿಗೆ ಒಬ್ಬ ಮಹಾಗಾಯಕನನ್ನು ಕೊಡಲು ಕಾರಣವಾಯಿತು.

ಮುಂಬಯಿಗೂ ಈ ಕಥೆಗೂ ನಿಕಟ ಸಂಬಂಧವಿದೆ. ಹುಬ್ಬಳ್ಳಿಯ ಗಂಗೂಬಾಯಿ ಹಾನಗಲ್ಲರು 1930ರ ದಶಕದಲ್ಲಿ ಇಲ್ಲಿಗೆ ಬಂದು ತಟ್ಟೆಗಳಿಗೆ ಹಾಡಿದರು. ಮಲ್ಲಿಕಾರ್ಜುನ ಮನ್ಸೂರರು ನಾಯಿ ಮಾರ್ಕಿನ ಕಂಪನಿಯಲ್ಲಿ ಸಂಗೀತ ನಿರ್ದೇಶಕರಾಗಿಯೂ ಸೇವೆ ಸಲ್ಲಿಸಿದರು. ಗಂಟೆಗಟ್ಟಲೆ ವಿಸ್ತರಿಸುವ ರಾಗವನ್ನು ಮೂರೂವರೆ ನಿಮಿಷಕ್ಕೆ ಇಳಿಸುವುದು ಇಂತಹ ಕಲಾವಿದರಿಗೆ ಅಗ್ನಿಪರೀಕ್ಷೆಯೇ ಸರಿ. ಹೇಳಬೇಕಾದುದನ್ನೆಲ್ಲ ಹೇಳಬೇಕು, ಒಂದು ಸ್ವರವೂ ವ್ಯರ್ಥವಾಗಬಾರದು. ರಂಗಗೀತೆಗಳಿಗಾದರೋ ಈ ಅಳತೆ ತಾನಾಗಿಯೇ ಒಗ್ಗಿತು. ರಂಗದ ಮೇಲೆ ಪ್ರೇಕ್ಷಕರು 'ಒನ್ಸ್ ಮೋರ್' ಎಂದು ಕೂಗಿ ಹಾಡಿಸುತ್ತಿದ್ದ ಗೀತೆಯನ್ನು ಮನೆಯಲ್ಲಿ ಯಾರ ಹಂಗೂ ಇಲ್ಲದೆ ಹತ್ತು ಬಾರಿ ಕೇಳಬಹುದಾಯಿತು. ಪಿ. ಕಾಳಿಂಗರಾಯರು ಕನ್ನಡ ಕವಿತೆಗಳನ್ನು ಹಾಡಿ ಮನೆಮನೆಗೆ ತಲುಪಿಸಿದಾಗ, ಕವನಸಂಕಲನ ಕೊಳ್ಳದವರ ನಾಲಗೆಯ ಮೇಲೂ ನವೋದಯ ಕಾವ್ಯ ನಲಿದಾಡಿತು. ತಟ್ಟೆಗಳ ಕಾಲ ಸರಿದು ಕ್ಯಾಸೆಟ್ಟು ಬಂದ ಮೇಲೂ ಈ ಪರಂಪರೆ ನಿಲ್ಲಲಿಲ್ಲ. 1978ರ 'ನಿತ್ಯೋತ್ಸವ' ಕ್ಯಾಸೆಟ್ಟು ಹೊರನಾಡಿನ ಎಷ್ಟೋ ಮನೆಗಳಲ್ಲಿ ಕನ್ನಡದ ಮೊದಲ ಪಾಠವೇ ಆಯಿತು.

ಗಂಭೀರ ಸಂಗೀತದ ಜೊತೆಗೆ ವಿನೋದಕ್ಕೂ ತಟ್ಟೆಗಳಲ್ಲಿ ಸ್ಥಾನವಿತ್ತು. ಅಮೆರಿಕದಲ್ಲಿ ಗುಲಾಮಗಿರಿಯ ಕಾಲದಲ್ಲಿ ಹುಟ್ಟಿದ ಜಾರ್ಜ್ ಜಾನ್ಸನ್ ಎಂಬ ಗಾಯಕ 1890ರ ದಶಕದಲ್ಲಿ ಹಾಡಿನ ನಡುವೆ ತಾಳಬದ್ಧವಾಗಿ ನಕ್ಕು ಪ್ರಖ್ಯಾತನಾದ. ನಗೆಗೆ ಭಾಷಾಂತರ ಬೇಡವಷ್ಟೆ. ಕೆಲವು 'ಒಗಟಿನ ತಟ್ಟೆ'ಗಳಲ್ಲಿ ಒಂದರ ಪಕ್ಕ ಒಂದರಂತೆ ಎರಡು ಮೂರು ಗೆರೆಸುರುಳಿಗಳನ್ನು ಕೊರೆದಿರುತ್ತಿದ್ದರು. ಮುಳ್ಳು ಯಾವ ಸುರುಳಿಗೆ ಬೀಳುವುದೋ ಆ ಹಾಡು ನುಡಿಯುತ್ತಿತ್ತು. ಯಾವುದು ಬರುವುದೆಂದು ಮುಂಚಿತವಾಗಿ ಹೇಳಲು ಯಾರಿಗೂ ಸಾಧ್ಯವಿರಲಿಲ್ಲ. ಜರ್ಮನಿಯಲ್ಲಿ 1903ರ ಸುಮಾರಿಗೆ ಚಾಕಲೇಟಿನ ತಟ್ಟೆಗಳು ಬಂದವು, ಹಾಡು ಕೇಳಿದ ಮೇಲೆ ತಿಂದುಬಿಡಬಹುದಿತ್ತು. ನಮ್ಮ ನೆರೆಯ ಭೂತಾನ ದೇಶ 1972ರಲ್ಲಿ ಹೊರತಂದ ಅಂಚೆಚೀಟಿಗಳು ಸ್ವತಃ ಪುಟ್ಟ ತಟ್ಟೆಗಳಾಗಿದ್ದವು. ಯಂತ್ರದ ಮೇಲಿಟ್ಟರೆ ಆ ದೇಶದ ರಾಷ್ಟ್ರಗೀತೆಯನ್ನೂ ಜಾನಪದ ಗೀತೆಗಳನ್ನೂ ನುಡಿಯುತ್ತಿದ್ದವು.

ಇಂತಹ ವಿಶೇಷ ತಟ್ಟೆಗಳಲ್ಲೆಲ್ಲ ಕಿರೀಟಪ್ರಾಯವಾದುದು 1977ರಲ್ಲಿ ವಾಯೇಜರ್ ನೌಕೆಗಳೊಂದಿಗೆ ಬಾಹ್ಯಾಕಾಶಕ್ಕೆ ಹೋದ ಚಿನ್ನದ ಲೇಪದ ತಟ್ಟೆ. ಅದರಲ್ಲಿ 55 ಭಾಷೆಗಳ ಶುಭಾಶಯಗಳಿದ್ದು, ಕನ್ನಡವೂ ಅವುಗಳಲ್ಲಿ ಒಂದು. ಕೇಸರಬಾಯಿ ಕೇರ್ಕರರು ಹಾಡಿದ ಭೈರವಿಯೂ ಅದರಲ್ಲಿದೆ. ಅದರ ಅವಧಿಯೂ ಹಳೆಯ ಪ್ಲೇಟಿನಂತೆಯೇ ಸುಮಾರು ಮೂರೂವರೆ ನಿಮಿಷ. ಮನ್ಸೂರರೂ ಕೇಸರಬಾಯಿಯವರೂ ಒಂದೇ ಜೈಪುರ-ಅತ್ರೌಲಿ ಘರಾಣೆಯವರೆಂಬುದನ್ನು ಇಲ್ಲಿ ಸ್ಮರಿಸಬೇಕು. ಇನ್ನೊಂದು ಮಾತು. ಆ ತಟ್ಟೆಯನ್ನು ಕಳುಹಿಸಿದ ವಿಜ್ಞಾನಿಗಳು ಅದರೊಂದಿಗೆ ಮುಳ್ಳನ್ನೂ ಇಟ್ಟರು, ನುಡಿಸುವ ಬಗೆಯನ್ನು ಚಿತ್ರಗಳಲ್ಲಿ ಕೊರೆದರು. ಎಂದೂ ಕಾಣದ, ಇರುವರೋ ಇಲ್ಲವೋ ತಿಳಿಯದ ಕೇಳುಗರಿಗಾಗಿ ಇಷ್ಟು ಕಾಳಜಿ! ನಮ್ಮ ಮೊಮ್ಮಕ್ಕಳಾದರೋ ಎದುರಿಗೇ ಇದ್ದಾರೆ. ಅವರಿಗಾಗಿ ನಾವು ಏನನ್ನು ಬರೆದಿಟ್ಟಿದ್ದೇವೆ?

ಮಾಡಬೇಕಾದ ಕೆಲಸ ಕಠಿಣವಾದುದೇನಲ್ಲ. ಅರಗಿನ ತಟ್ಟೆ ಗಾಜಿನಂತೆ ಒಡೆಯುವುದರಿಂದ ಒಂದರ ಮೇಲೊಂದು ಪೇರಿಸದೆ ನೇರವಾಗಿ ನಿಲ್ಲಿಸಿಡಬೇಕು. ಬಿಸಿಲು ತಾಗಬಾರದು, ಮಳೆಗಾಲದ ತೇವದಿಂದ ಬೂಷ್ಟು ಹಿಡಿಯದಂತೆ ನೋಡಿಕೊಳ್ಳಬೇಕು. ಕೊಳೆಯಾದರೆ ಚೀಟಿ ನೆನೆಯದಂತೆ ತಿಳಿಯಾದ ಸೋಪಿನ ನೀರಿನಲ್ಲಿ ಒರೆಸಿ, ಮೆತ್ತನೆಯ ಬಟ್ಟೆಯಿಂದ ಒಣಗಿಸಬೇಕು. ಸ್ಪಿರಿಟ್ಟನ್ನು ಮಾತ್ರ ಸರ್ವಥಾ ಬಳಸಕೂಡದು, ಅದರಲ್ಲಿ ಅರಗು ಕರಗುತ್ತದೆ. ಹಳೆಯ 78ರ ಗೆರೆ ಅಗಲವಾದುದು, ಎಲ್.ಪಿ. ತಟ್ಟೆಯ ಸೂಕ್ಷ್ಮ ಮುಳ್ಳು ಅದಕ್ಕೆ ಹೊಂದದು. ಹಾಗೆಯೇ ಕೀಲಿ ಕೊಡುವ ಹಳೆಯ ಯಂತ್ರದ ಉಕ್ಕಿನ ಮುಳ್ಳು ಎಲ್.ಪಿ.ಯನ್ನು ಕೆರೆದು ಹಾಳುಮಾಡುತ್ತದೆ. ತಿಳಿದವರ ಸಹಾಯ ಪಡೆದು ಹಾಡುಗಳನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳುವುದು ಲೇಸು. ಮುಂಬಯಿಯಲ್ಲಿ 1990ರಲ್ಲಿ ಸ್ಥಾಪನೆಯಾದ 'ಸೊಸೈಟಿ ಆಫ್ ಇಂಡಿಯನ್ ರೆಕಾರ್ಡ್ ಕಲೆಕ್ಟರ್ಸ್' ಸಂಸ್ಥೆಯ ಸದಸ್ಯರಂತಹ ಸಂಗ್ರಾಹಕರ ಶ್ರಮದಿಂದಲೇ ಎಷ್ಟೋ ಹಳೆಯ ಧ್ವನಿಗಳು ಇಂದಿಗೂ ಉಳಿದಿವೆ. ಧ್ವನಿಮುದ್ರಿಕೆಯ ಮೇಲಿನ ಹಕ್ಕು ನಮ್ಮ ದೇಶದಲ್ಲಿ ಅದು ಪ್ರಕಟವಾದ ಮರುವರ್ಷದಿಂದ 60 ವರ್ಷ ಮಾತ್ರ. ಆದರೆ ಹಾಡಿನ ಸಾಹಿತ್ಯದ ಹಕ್ಕು ಕವಿಯ ಕಾಲಾನಂತರ 60 ವರ್ಷ ಇರುತ್ತದೆಂಬುದನ್ನು ಸಾರ್ವಜನಿಕವಾಗಿ ಹಂಚುವವರು ನೆನಪಿಡಬೇಕು.

ಇವೆಲ್ಲಕ್ಕಿಂತ ತ್ವರಿತವಾಗಿ ಆಗಬೇಕಾದುದು ಇನ್ನೊಂದಿದೆ. ಹಾಡು ಬೇರೆಲ್ಲಿಯಾದರೂ ಸಿಕ್ಕೀತು. ಆ ಹಾಡು ನಮ್ಮ ಮನೆಗೆ ಹೇಗೆ ಬಂತೆಂಬ ವೃತ್ತಾಂತ ಬೇರೆಲ್ಲಿಯೂ ಸಿಗದು. ಹೋಟೆಲಿನಲ್ಲಿ ದುಡಿದು ಕೂಡಿಟ್ಟ ಹಣದಲ್ಲಿ ಅಜ್ಜ ಕೊಂಡ ಮೊದಲ ತಟ್ಟೆ ಯಾವುದು? ಯಾವ ಹಾಡಿಗೆ ಅಜ್ಜಿ ಅಡಿಗೆಮನೆಯ ಕೆಲಸ ಬಿಟ್ಟು ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದರು? ಯಾವ ಹಾಸ್ಯದ ಪ್ಲೇಟಿಗೆ ಚಾಳಿನ ನೆರೆಹೊರೆಯ ಮರಾಠಿ, ಗುಜರಾತಿ ಮಕ್ಕಳೂ ಬಂದು ನಗುತ್ತಿದ್ದರು? ಇದನ್ನು ಹೇಳಬಲ್ಲವರು, 1950ರ ದಶಕದಲ್ಲಿ ಬಾಲಕ ಬಾಲಕಿಯರಾಗಿದ್ದವರು, ಇಂದು ಎಂಬತ್ತರ ಆಸುಪಾಸಿನಲ್ಲಿದ್ದಾರೆ. ತಟ್ಟೆಗಳು ಇನ್ನೂ ನೂರು ವರ್ಷ ಬಾಳಿಯಾವು. ಹೇಳುವವರು ಅಷ್ಟು ಕಾಲ ನಮ್ಮೊಂದಿಗೆ ಇರಲಾರರು.

ಆದುದರಿಂದ ನಮ್ಮ ವಿನಂತಿ ಇಷ್ಟು. ಮುಂದಿನ ರಜಾದಿನ ಅಟ್ಟದ ಪೆಟ್ಟಿಗೆಯನ್ನು ಕೆಳಗಿಳಿಸಿ, ಮನೆಯ ಹಿರಿಯರನ್ನು ಬಳಿಯಲ್ಲಿ ಕೂರಿಸಿಕೊಳ್ಳಿ. ಒಂದೊಂದು ತಟ್ಟೆಯನ್ನೂ ಅವರ ಕೈಗೆ ಕೊಟ್ಟು, ಚೀಟಿಯ ಮೇಲಿನ ಹೆಸರನ್ನೂ ಸಂಖ್ಯೆಯನ್ನೂ ಒಂದು ಪುಸ್ತಕದಲ್ಲಿ ಬರೆದುಕೊಳ್ಳಿ. ಅವರು ಹೇಳುವುದನ್ನು ಮೊಬೈಲಿನಲ್ಲಿ ಮುದ್ರಿಸಿಕೊಳ್ಳಿ. ಮಾತು ಮುಗಿದಾಗ ಅವರ ಹೆಸರನ್ನೂ ಊರನ್ನೂ ಅವರ ಬಾಯಿಂದಲೇ ಹೇಳಿಸಲು ಮರೆಯಬೇಡಿ. ನೂರಿಪ್ಪತ್ತು ವರ್ಷಗಳ ಹಿಂದೆ ಗೌಹರ್ ಜಾನ್ ಹಾಗೆ ಹೇಳಿದ್ದರಿಂದಲೇ ಅದು ಯಾರ ಧ್ವನಿಯೆಂದು ಹ್ಯಾನೋವರಿನ ಅಪರಿಚಿತರಿಗೆ ತಿಳಿಯಿತು.