ಆಷಾಢದಲ್ಲೇ ಹೋಗಬೇಕಾದ ಸೀಮೆ

ಆಷಾಢ ಕಾಲಿಟ್ಟರೆ ಹಳೆ ಮೈಸೂರು ಸೀಮೆಯಲ್ಲಿ ಮದುವೆಯಿಲ್ಲ, ಗೃಹಪ್ರವೇಶವಿಲ್ಲ. ಅತ್ತೆ, ಸೊಸೆ ಒಂದೇ ಬಾಗಿಲಲ್ಲಿ ಓಡಾಡಬಾರದೆಂದು ಹೊಸ ಸೊಸೆಯನ್ನು ತವರಿಗೆ ಕಳಿಸುವ ರೂಢಿ ಬೇರೆ. ಇಂಥ ತಿಂಗಳಲ್ಲೇ ಚಾಮರಾಜನಗರದಲ್ಲಿ ಚಾಮರಾಜೇಶ್ವರನ ತೇರು. ಅಗಲಿರುವ ನವದಂಪತಿಗಳು ಅಲ್ಲಿ ಸೇರಿ, ತೇರಿಗೆ ಹಣ್ಣು ಜವನ ಎಸೆಯುತ್ತಾರೆ. ಹಿರಿಯರ ಕಣ್ಣೆದುರೇ ಗಂಡ ಹೆಂಡತಿ ಭೇಟಿಯಾಗಲು ಇದಕ್ಕಿಂತ ಒಳ್ಳೆಯ ನೆಪ ಬೇಕೆ?

ಊರಿನ ಹಳೆಯ ಹೆಸರು ಅರಿಕುಠಾರ. ಮುಮ್ಮಡಿ ಕೃಷ್ಣರಾಜ ಒಡೆಯರ ತಂದೆ ಚಾಮರಾಜ ಒಡೆಯರು ಹುಟ್ಟಿದ್ದು ಇಲ್ಲಿ. ಮಗ 1818ರಲ್ಲಿ ಊರಿಗೆ ತಂದೆಯ ಹೆಸರಿಟ್ಟರು. 1826ರಲ್ಲಿ ದೇವಸ್ಥಾನ ಕಟ್ಟಿಸಿ ಶಿವನನ್ನು ಚಾಮರಾಜೇಶ್ವರ ಎಂದರು. ಜೊತೆಗಿರುವ ಅಮ್ಮನವರು ಕೆಂಪನಂಜಾಂಬ. ಅದು ದೊರೆಯ ತಾಯಿಯ ಹೆಸರು! ಚಾಮರಾಜರು ಹುಟ್ಟಿದ ಜಾಗದಲ್ಲಿ ಎದ್ದ ಜನನ ಮಂಟಪವನ್ನೂ ಊರಲ್ಲೇ ನೋಡಬಹುದು. 2017ರಲ್ಲಿ ಕಿಡಿಗೇಡಿಯೊಬ್ಬ ಹಚ್ಚಿದ ಬೆಂಕಿಗೆ ತೇರು ಸಿಲುಕಿ ಉತ್ಸವ ನಿಂತಿತ್ತು; ಹೊಸ ತೇರು 2022ರಲ್ಲಿ ಬೀದಿಗಿಳಿಯಿತು.

ಶಿಲ್ಪ ನೋಡುವ ಚಪಲವಿದ್ದವರು ಇದೇ ತಾಲ್ಲೂಕಿನ ನರಸಮಂಗಲವನ್ನು ಬಿಡಬಾರದು. ಗಂಗರ ಕಾಲದ ರಾಮೇಶ್ವರ ಗುಡಿಯ ಶಿಖರದಲ್ಲಿ ಕಲ್ಲಿನವಲ್ಲ, ಗಾರೆಯ ಆಳೆತ್ತರದ ಮೂರ್ತಿಗಳಿವೆ.

ಚಾಮರಾಜನಗರದಿಂದ ತೆರಕಣಾಂಬಿ ದಾಟಿ ಗುಂಡ್ಲುಪೇಟೆಗೆ ಬಂದವರಿಗೆ ಬೆಳೆಯೇ ನೋಟ. ಮುಂಗಾರಿಗೆ ಮೊದಲೇ ಬೀಳುವ ಮಳೆಗೆ ಇಲ್ಲಿನ ರೈತರು ಸೂರ್ಯಕಾಂತಿ ಬಿತ್ತುತ್ತಾರೆ. ಜೂನ್ ಕೊನೆ, ಜುಲೈ ಹೊತ್ತಿಗೆ ರಸ್ತೆಯ ಎರಡೂ ಬದಿ ಹಳದಿ. ಎಳೆಯ ಗಿಡ ಬಿಸಿಲಿನ ಜೊತೆ ತಿರುಗುತ್ತದೆ, ಪೂರ್ತಿ ಅರಳಿದ ಹೂವು ಮಾತ್ರ ಪೂರ್ವಕ್ಕೇ ಮುಖಮಾಡಿ ನಿಲ್ಲುತ್ತದೆ. ಹಾಗಾಗಿ ಫೋಟೊ ತೆಗೆಯುವವರು ಬೆಳಿಗ್ಗೆಯೇ ಬಂದರೆ ಲಾಭ. ಕೇರಳದಿಂದ ಬರುವ ಕಾರುಗಳ ಸಾಲು ಕಂಡು ಕೆಲವು ರೈತರು ಹೊಲಕ್ಕಿಳಿಯಲು ಸಣ್ಣ ಶುಲ್ಕ ಕೇಳುವುದುಂಟು. ಗಿಡ ತುಳಿದು ಹೋಗುವವರನ್ನು ನೋಡಿದರೆ ಅದು ನ್ಯಾಯವೇ.

ಸೂರ್ಯಕಾಂತಿಯ ಬೆನ್ನಿಗೇ ಚೆಂಡುಹೂ. ಇದರಲ್ಲಿ ಬಹುಪಾಲು ದೇವರ ತಲೆಗೂ ಹೋಗುವುದಿಲ್ಲ, ಓಣಂ ರಂಗೋಲಿಗೂ ಹೋಗುವುದಿಲ್ಲ. ಕಂಪನಿಗಳು ಕೊಂಡು ಬಣ್ಣದ ಸಾರ ತೆಗೆಯುತ್ತವೆ. ಆ ಸಾರ ಕೋಳಿ ಆಹಾರ ಸೇರಿ ಮೊಟ್ಟೆಯ ಭಂಡಾರಕ್ಕೆ ಹಳದಿ ತುಂಬುತ್ತದೆ. ದೂರದೂರಿನ ಯಾವುದೋ ಆಮ್ಲೆಟ್ಟಿನಲ್ಲಿ ಗುಂಡ್ಲುಪೇಟೆಯ ಹೊಲವಿರಬಹುದು.

ಪೇಟೆಯಿಂದ ಹಂಗಳದ ಮೇಲೆ ಹೋದರೆ ಹಿಮವದ್ ಗೋಪಾಲಸ್ವಾಮಿ ಬೆಟ್ಟ, 1,450 ಮೀಟರಿಗೂ ಎತ್ತರ. ಬಂಡೀಪುರ ಹುಲಿ ಸಂರಕ್ಷಿತ ಪ್ರದೇಶದೊಳಗಿರುವುದರಿಂದ ಸ್ವಂತ ವಾಹನ ಬುಡದಲ್ಲೇ ಬಿಟ್ಟು ಸರ್ಕಾರಿ ಬಸ್ ಹತ್ತಬೇಕು. ಆಷಾಢದಲ್ಲಿ ಮೇಲೆ ಮಂಜು ಕವಿದರೆ ವೇಣುಗೋಪಾಲನ ಗುಡಿಯೇ ಹತ್ತಿರ ಹೋಗುವವರೆಗೆ ಕಾಣದು. ಮಕ್ಕಳಿಗೆ ಸ್ವೆಟರ್ ಇರಲಿ.

ಅಲ್ಲಿಂದ ಊಟಿಗೋ ವಯನಾಡಿಗೋ ಮುಂದುವರಿಯುವವರು ಗಡಿಯಾರ ನೋಡಿಕೊಳ್ಳಬೇಕು. ಬಂಡೀಪುರದ ಹೆದ್ದಾರಿಯಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಖಾಸಗಿ ವಾಹನಗಳಿಗೆ ಪ್ರವೇಶವಿಲ್ಲ. ತಡವಾದರೆ ಗುಂಡ್ಲುಪೇಟೆಯಲ್ಲೇ ರೂಮು ಹಿಡಿಯುವುದು. ಬೆಳಿಗ್ಗೆ ಹೊಲಗಳೂ ಸಿಗುತ್ತವೆ.